ಹಳೇ ಓಮ್ನಿಯೋ, ಈಕೋನೋ? ‘ಹಳೇ ಕಬ್ಬಿಣವೇ ಗಟ್ಟಿ’ ಎನ್ನುವ ಮಾತು ಎಷ್ಟು ನಿಜ?

ಶಿರಹಟ್ಟಿಯ ಫಕೀರೇಶ್ವರ ಜಾತ್ರೆ, ಮುಂಡರಗಿ ತಾಲ್ಲೂಕಿನ ಸಿಂಗಟಾಲೂರು ವೀರಭದ್ರನ ದರ್ಶನ, ಲಕ್ಷ್ಮೇಶ್ವರದ ಬೀಗರ ಮನೆಯ ಮದುವೆ. ಗದಗ-ಬೆಟಗೇರಿಯ ಅನೇಕ ಕುಟುಂಬಗಳು ಇಲ್ಲಿಗೆಲ್ಲ ಹೊರಡುವುದು ಬುತ್ತಿ, ಜಮಖಾನ, ಮಕ್ಕಳನ್ನು ತುಂಬಿಕೊಂಡ ವ್ಯಾನಿನಲ್ಲೇ. ವಿದೇಶದವರ ಕ್ಯಾಂಪರ್ ವ್ಯಾನ್ ಮಾಡುವ ಕೆಲಸವನ್ನು ನಮ್ಮಲ್ಲಿ ಮಾಡಿದ್ದು ಓಮ್ನಿ.

ಸೆಕೆಂಡ್ ಹ್ಯಾಂಡ್ ವ್ಯಾನ್ ಕೊಳ್ಳಲು ಹೊರಟರೆ ಗ್ರೂಪ್‌ಗಳಲ್ಲಿ ಸಲಹೆಗಳಿಗೇನೂ ಕೊರತೆಯಿಲ್ಲ. ಪದೇ ಪದೇ ಕೇಳಿಬರುವ ಮೂರು ಮಾತುಗಳನ್ನು ನಾವು ಇಲ್ಲಿ ಪರಿಶೀಲಿಸಿದ್ದೇವೆ.

1. ‘ಹಳೇ ಗಾಡಿಯ ತಗಡು ದಪ್ಪ, ಅದೇ ಸುರಕ್ಷಿತ’

ತಪ್ಪು. ಓಮ್ನಿಯ ತೂಕ ಸುಮಾರು 800 ಕೆಜಿ. ಈಕೋ 900 ಕೆಜಿಗಿಂತ ಹೆಚ್ಚು. ಅಂದರೆ ‘ಗಟ್ಟಿ’ ಎನಿಸಿಕೊಂಡ ಹಳೆಯದೇ ಹಗುರ.

ಅದಕ್ಕಿಂತ ಮುಖ್ಯ ವಿಷಯ ಬೇರೆ ಇದೆ. ಡಿಕ್ಕಿಯಾದಾಗ ಗಾಡಿ ಎಷ್ಟು ಕಡಿಮೆ ದೂರದಲ್ಲಿ ನಿಲ್ಲುತ್ತದೋ, ಒಳಗಿರುವವರ ಮೇಲೆ ಬೀಳುವ ಬಲ ಅಷ್ಟು ಹೆಚ್ಚು. ನಿಲ್ಲುವ ದೂರ ಎರಡರಷ್ಟಾದರೆ ಸರಾಸರಿ ಬಲ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಮುಂಭಾಗ ನುಗ್ಗಾಗಿ ಪೆಟ್ಟು ತಿನ್ನಬೇಕು, ನಾವು ಕೂರುವ ಜಾಗ ಉಳಿಯಬೇಕು. ಓಮ್ನಿಗೆ ಮೂತಿಯೇ ಇಲ್ಲ, ಚಾಲಕನ ಕಾಲಿಗೂ ಬಂಪರಿಗೂ ಗೇಣುಗಳ ಅಂತರ.

1984ರಲ್ಲಿ ಮಾರುತಿ ವ್ಯಾನ್ ಹೆಸರಿನಲ್ಲಿ ಬಂದ ಈ ಗಾಡಿ 2019ರಲ್ಲಿ ನಿಂತಿದ್ದು ಹೊಸ ಸುರಕ್ಷತಾ ನಿಯಮಗಳಿಂದಲೇ. ಜಗತ್ಪ್ರಸಿದ್ಧ ಫೋಕ್ಸ್‌ವ್ಯಾಗನ್ ಕೊಂಬಿ ವ್ಯಾನ್ ಬ್ರೆಜಿಲ್‌ನಲ್ಲಿ 2013ರಲ್ಲಿ ನಿಂತಿದ್ದೂ ಏರ್‌ಬ್ಯಾಗ್, ಎಬಿಎಸ್ ಕಡ್ಡಾಯವಾದ ಕಾರಣಕ್ಕೇ.

2. ‘ಹಾಗಾದರೆ ಈಕೋ ತಗೊಂಡರೆ ಆಯ್ತು’

ಅರ್ಧ ಸತ್ಯ. ಈಕೋ ಬಂದಿದ್ದು 2010ರಲ್ಲಿ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಈಕೋಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಆ ವರ್ಷದ ಜುಲೈನಿಂದ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿದ್ದು 2021ರ ಕೊನೆಗೆ. ಆದ್ದರಿಂದ ಗಾಡಿಯ ಹೆಸರಿಗಿಂತ ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು, ವರ್ಷ ಮುಖ್ಯ.

3. ‘15 ವರ್ಷ ದಾಟಿದರೆ ಗಾಡಿ ಜಪ್ತಿ’

ಕರ್ನಾಟಕದ ಖಾಸಗಿ ವಾಹನಗಳಿಗೆ ಇದು ಅನ್ವಯಿಸುವುದಿಲ್ಲ. ಇಂಥ ಫಾರ್ವರ್ಡ್‌ಗಳ ಮೂಲ ದೆಹಲಿ ಸುತ್ತಮುತ್ತಲಿನ ಪ್ರದೇಶಕ್ಕೆ ಹೊರಟ ಆದೇಶಗಳು. ನಮ್ಮಲ್ಲಿ ಗಾಡಿಯ ತಪಾಸಣೆ ಮಾಡಿಸಿ ನೋಂದಣಿಯನ್ನು 5 ವರ್ಷಕ್ಕೆ ನವೀಕರಿಸಬಹುದು. ಕಾರಿಗೆ ಶುಲ್ಕ 5,000 ರೂ. ಇದ್ದು, 2025ರ ಆಗಸ್ಟ್‌ನ ಅಧಿಸೂಚನೆಯಂತೆ 20 ವರ್ಷ ದಾಟಿದ್ದಕ್ಕೆ 10,000 ರೂ. ಹಸಿರು ತೆರಿಗೆ ಬೇರೆ. ಆದರೆ ನವೀಕರಿಸದೆ ಓಡಿಸಿದರೆ ಅದು ಅಪರಾಧ. ಅಗ್ಗಕ್ಕೆ ಸಿಕ್ಕ ಓಮ್ನಿಯ ಬೆಲೆಗೆ ಈ ಖರ್ಚನ್ನೂ ಕೂಡಿಸಿ ನೋಡಿ.

ಮುಂಗಡ ಕೊಡುವ ಮೊದಲು

• ಕೆಎ 26 ಇರಲಿ, ಬೇರೆ ಜಿಲ್ಲೆಯ ಗಾಡಿ ಇರಲಿ, ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ, ವಿಮೆಯ ಅವಧಿ ನೋಡಿ. ಆರ್‌ಸಿಯಲ್ಲಿ ಸಾಲದ ನಮೂದು ಇದೆಯೇ ಪರಿಶೀಲಿಸಿ.
• ಮ್ಯಾಟ್ ಎತ್ತಿಸಿ, ನೆಲಕ್ಕೆ ತುಕ್ಕು ಹಿಡಿದಿದೆಯೇ ನೋಡಿ. ಹೊಸ ಪೇಂಟ್ ನೋಡಿ ಮರುಳಾಗಬೇಡಿ.
• ಗ್ಯಾಸ್ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಅಡುಗೆ ಸಿಲಿಂಡರ್‌ನಿಂದ ಗಾಡಿ ಓಡಿಸುವುದು ಕಾನೂನುಬಾಹಿರ, ಪ್ರಾಣಕ್ಕೂ ಅಪಾಯ.
• ಹಿಂದಿನ ಸೀಟಿಗೂ ಬೆಲ್ಟ್ ಇದೆಯೇ, ಅದು ಕೆಲಸ ಮಾಡುತ್ತದೆಯೇ ಎಳೆದು ನೋಡಿ.
• ಜಾತ್ರೆಯಲ್ಲಿ ರಾತ್ರಿ ವ್ಯಾನಿನಲ್ಲೇ ಮಲಗುವುದಾದರೆ ಎಂಜಿನ್ ಆಫ್ ಮಾಡಿ, ಕಿಟಕಿ ಸ್ವಲ್ಪ ತೆರೆದಿಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು.

ಒಟ್ಟಿನಲ್ಲಿ

ಮನೆಮಂದಿಯನ್ನು ಕೂರಿಸಿಕೊಂಡು ಹುಬ್ಬಳ್ಳಿ-ಹೊಸಪೇಟೆ ಹೆದ್ದಾರಿಗೆ ಇಳಿಯುವವರಿಗೆ 2019ರ ಜುಲೈ ನಂತರ ತಯಾರಾದ ಈಕೋ ಮೇಲು, ಎರಡು ಏರ್‌ಬ್ಯಾಗ್ ಇರುವುದು ಇನ್ನೂ ಮೇಲು. ಮನೆಯಲ್ಲಿ ಈಗಾಗಲೇ ಓಮ್ನಿ ಇದ್ದರೆ ಭಯಪಟ್ಟು ಗುಜರಿಗೆ ಹಾಕಬೇಕಿಲ್ಲ. ಕಾಗದಪತ್ರ ಸರಿಯಿಟ್ಟುಕೊಂಡು, ವೇಗ ತಗ್ಗಿಸಿ, ಸೀಟಿಗಿಂತ ಹೆಚ್ಚು ಜನ ತುಂಬದೆ ಓಡಿಸಿ. ‘ಹಳೇ ಕಬ್ಬಿಣವೇ ಗಟ್ಟಿ’ ಎಂಬ ಫಾರ್ವರ್ಡ್ ಮುಂದಿನ ಸಲ ಬಂದರೆ, ಅದೇ ಗ್ರೂಪಿಗೆ ಇದನ್ನೂ ಕಳಿಸಿ.