ಬಿಡುವುದು ಮತ್ತು ಬಿಟ್ಟಿರುವುದು: ಧೂಮಪಾನತ್ಯಾಗವನ್ನು ಕುರಿತು

‘ಬಿಡು’ ಎಂಬ ಧಾತುವೂ ‘ಬಿಟ್ಟಿರು’ ಎಂಬ ಸಂಯುಕ್ತರೂಪವೂ ನಮ್ಮ ನುಡಿಯಲ್ಲಿ ಒಂದೇ ಅರ್ಥವನ್ನು ಕೊಡುವುದಿಲ್ಲ. ಮೊದಲನೆಯದು ಒಂದು ಕ್ಷಣದಲ್ಲಿ ಮುಗಿದುಹೋಗುವ ಕ್ರಿಯೆ. ಎರಡನೆಯದರಲ್ಲಿ ‘ಬಿಟ್ಟು’ ಎಂಬ ಭೂತಕೃದಂತಾವ್ಯಯಕ್ಕೆ ‘ಇರು’ ಸೇರಿ, ಆ ಕ್ರಿಯೆಯ ಫಲವು ಮುಂದೆಯೂ ನಿಂತಿರುವ ಸ್ಥಿತಿಯು ಸೂಚಿತವಾಗುತ್ತದೆ. ಸಿಗರೇಟನ್ನು ಬಿಟ್ಟವರು ಅನೇಕರು. ಬಿಟ್ಟಿರುವವರು ಅಷ್ಟು ಮಂದಿಯಿಲ್ಲ. ವ್ಯಾಕರಣವು ತೋರಿಸುವ ಈ ಭೇದವು ದೇಹದಲ್ಲಿಯೂ ಮನಸ್ಸಿನಲ್ಲಿಯೂ ಹೇಗೆ ಉಂಟೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

‘ಧೂಮಪಾನ’ವೆಂಬ ಮಾತು ನಮ್ಮ ದೇಶದಲ್ಲಿ ಹೊಗೆಸೊಪ್ಪಿಗಿಂತ ಬಹಳ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಉಕ್ತವಾದ ಧೂಮಪಾನವು ಔಷಧದ್ರವ್ಯಗಳ ಬತ್ತಿಯಿಂದ ಹೊಗೆಯನ್ನು ಸೇದುವ ಒಂದು ವಿಧಿ. ಹೊಗೆಸೊಪ್ಪಾದರೋ ಅಮೆರಿಕಾ ಖಂಡದ ಗಿಡ. ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂದುದು. ಆದುದರಿಂದ ಚರಕನನ್ನು ಸಿಗರೇಟಿನ ಪರವಾಗಿ ಸಾಕ್ಷಿಗೆ ಕರೆಯುವುದು ಸಲ್ಲದು. ಆದರೆ ಅಲ್ಲಿನ ಒಂದು ಸಂಗತಿಯನ್ನು ಗಮನಿಸಬೇಕು. ದಿನಚರ್ಯೆಯ ಧೂಮಕ್ಕೆ ಎಂಟು ಕಾಲಗಳನ್ನು ಹೇಳಿದೆ. ಸ್ನಾನ, ಭೋಜನ, ದಂತಧಾವನ, ನಿದ್ರೆ ಇವುಗಳ ಅನಂತರದ ಕಾಲಗಳು ಅವುಗಳಲ್ಲಿ ಸೇರಿವೆ. ಇಂದು ಸಿಗರೇಟು ಸೇದುವವರನ್ನು ವಿಚಾರಿಸಿದರೂ, ಎದ್ದೊಡನೆಯ ಒಂದು, ಊಟವಾದ ಮೇಲಿನ ಒಂದು, ಇವೆರಡನ್ನು ಬಿಡುವುದೇ ಕಷ್ಟವೆನ್ನುವವರು ಬಹುಮಂದಿ. ಕಾಲಕ್ಕೂ ಹೊಗೆಗೂ ಬಿದ್ದ ಈ ಗಂಟು ಮುಂದಿನ ವಿಚಾರಕ್ಕೆ ಬೇಕಾದುದು.

ಮೊಗಲರ ದರ್ಬಾರಿಗೆ ಹೊಗೆಸೊಪ್ಪು ಹೋದುದು ನಮ್ಮ ಬಿಜಾಪುರದಿಂದ. ಅಕ್ಬರನ ಆಳ್ವಿಕೆಯ ಕಡೆಯ ವರ್ಷಗಳಲ್ಲಿ ರಾಯಭಾರಕ್ಕಾಗಿ ಅಲ್ಲಿಗೆ ಹೋಗಿದ್ದ ಅಸದ್ ಬೇಗನು ಸೊಪ್ಪನ್ನೂ ಸೇದುವ ಕೊಳವೆಯನ್ನೂ ತಂದು ಚಕ್ರವರ್ತಿಗೆ ಒಪ್ಪಿಸಿದುದಾಗಿ ತಾನೇ ಬರೆದಿಟ್ಟಿದ್ದಾನೆ. ವೈದ್ಯನು ಬೇಡವೆಂದನು, ಅಕ್ಬರನು ಸ್ವಲ್ಪ ಸೇದಿ ಸುಮ್ಮನಾದನು, ಸರದಾರರು ಮಾತ್ರ ಅದನ್ನು ಹಿಡಿದುಕೊಂಡರು. ೧೬೧೭ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿದನು. ಪರ್ಷಿಯಾದಲ್ಲಿ ಷಾ ಅಬ್ಬಾಸನೂ ಹಾಗೆಯೇ ಮಾಡಿದ್ದನು. ಆ ಷಾಹನಲ್ಲಿಗೆ ಜಹಾಂಗೀರನ ರಾಯಭಾರಿಯಾಗಿ ಹೋಗಿದ್ದ ಖಾನ್ ಆಲಮನಿಗೆ ಹೊಗೆಯಿಲ್ಲದೆ ಒಂದು ಗಳಿಗೆಯೂ ಕಳೆಯುತ್ತಿರಲಿಲ್ಲವೆಂಬ ಸಂಗತಿ ಜಹಾಂಗೀರನ ಆತ್ಮಕಥೆಯಲ್ಲಿಯೇ ಇದೆ. ಇಬ್ಬರು ದೊರೆಗಳ ಆಜ್ಞೆಯೂ ಒಬ್ಬ ಗಣ್ಯನ ಕೈಯನ್ನು ತಡೆಯಲಾರದೆ ಹೋಯಿತು. ಇದನ್ನು ಅವನ ಶೀಲದ ದೌರ್ಬಲ್ಯವೆನ್ನುವುದು ಸುಲಭ, ನ್ಯಾಯವಲ್ಲ.

ಏಕೆಂದರೆ, ೧೮೨೮ರಲ್ಲಿ ಹೈಡಲ್‌ಬರ್ಗಿನ ಪೊಸೆಲ್ಟ್ ಮತ್ತು ರೈಮನ್ ಎಂಬವರು ಹೊಗೆಸೊಪ್ಪಿನಿಂದ ಬೇರ್ಪಡಿಸಿದ ನಿಕೋಟಿನ್ ಎಂಬ ವಸ್ತುವು ಹೊಗೆಯೊಡನೆ ಶ್ವಾಸಕೋಶವನ್ನು ಹೊಕ್ಕು ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ; ಅಲ್ಲಿ ಡೋಪಮೀನ್ ಎಂಬ ರಸವನ್ನು ಹೊರಡಿಸಿ ಹಿತವೆನಿಸುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಕೈ ಮತ್ತೆ ಪೊಟ್ಟಣವನ್ನು ಹುಡುಕುತ್ತದೆ. ಬಿಟ್ಟವನಿಗೆ ಸಿಡುಕು, ಚಡಪಡಿಕೆ, ನಿದ್ರಾಭಂಗ, ಹಸಿವು ಉಂಟಾಗುವುವು. ಇವು ಮೊದಲ ವಾರದಲ್ಲಿ ತೀವ್ರವಾಗಿದ್ದು, ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಶಮನವಾಗುತ್ತವೆ. ಕಾಫಿಪ್ರಿಯರಾದ ನಮ್ಮವರು ಇಲ್ಲಿ ಒಂದು ಮಾತನ್ನು ತಿಳಿದಿರಬೇಕು. ಹೊಗೆಯಲ್ಲಿನ ಕೆಲವು ದ್ರವ್ಯಗಳು ಕಾಫಿಯ ಕೆಫೀನನ್ನು ದೇಹವು ಬೇಗ ಕಳೆಯುವಂತೆ ಮಾಡುತ್ತವೆ. ಹೊಗೆ ನಿಂತರೆ, ಅದೇ ಎರಡು ಲೋಟ ಕಾಫಿಯ ಕೆಫೀನು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದು. ಕಾಫಿಯಿಂದ ಬಂದ ನಡುಕವನ್ನು ಸಿಗರೇಟಿಲ್ಲದ ಸಂಕಟವೆಂದು ಭ್ರಮಿಸಿ ಮತ್ತೆ ಸೇದುವ ಸಂಭವವುಂಟು. ಕೆಲವು ವಾರ ಕಾಫಿಯನ್ನು ಅರ್ಧ ಮಾಡಿಕೊಂಡರೆ ಮೇಲು.

ದೇಹದ ಕಾಟ ತಿಂಗಳಿನಲ್ಲಿ ಮುಗಿಯುವುದಾದರೆ, ಆರು ತಿಂಗಳಾದ ಮೇಲೆ ಎಡವುವುದೇಕೆ? ಕಾರಣ, ಮೇಲೆ ಹೇಳಿದ ಗಂಟು. ಊಟ, ಗೆಳೆಯರ ಕೂಟ, ಬೇಸರ, ಬರೆಯುವ ಮೇಜು ಇವೆಲ್ಲ ಹೊಗೆಯ ನೆನಪನ್ನು ತರುವ ಸಂಕೇತಗಳಾಗಿ ಉಳಿದಿರುತ್ತವೆ. ನಿಕೋಟಿನ್ ಹೋದರೂ ಸಂಕೇತ ಹೋಗದು. ಅದು ಎಬ್ಬಿಸುವ ಆಸೆ ಸಾಮಾನ್ಯವಾಗಿ ಕೆಲವು ನಿಮಿಷಗಳದು. ಊಟವಾದೊಡನೆ ಎದ್ದು ನಡೆಯುವುದು, ಬಾಯಿಗೆ ಏಲಕ್ಕಿಯನ್ನು ಹಾಕಿಕೊಳ್ಳುವುದು ಮೊದಲಾದ ಕೆಲಸಗಳಿಂದ ಆ ನಿಮಿಷಗಳನ್ನು ದಾಟಿದಂತೆಲ್ಲ ಗಂಟು ಸಡಿಲವಾಗುತ್ತದೆ.

ಅಮೆರಿಕಾದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇನ್ನೊಂದು ಸೂಕ್ಷ್ಮವನ್ನು ತೋರಿಸಿಕೊಟ್ಟನು. ವ್ರತಭಂಗವಾಗಿ ಒಂದನ್ನು ಸೇದಿದವನು, ‘ಎಲ್ಲವೂ ಹೋಯಿತು, ನನ್ನಿಂದಾಗದು’ ಎಂದುಕೊಂಡರೆ ಇಡೀ ಪೊಟ್ಟಣವನ್ನು ಮುಗಿಸುತ್ತಾನೆ. ಒಂದು ಎಡವನ್ನು ಎಡವೆಂದೇ ಎಣಿಸಿದವನು ಮರಳಿ ನಿಲ್ಲಬಲ್ಲನು. ಕೆಡಿಸುವುದರಲ್ಲಿ ಆ ಒಂದು ಸಿಗರೇಟಿಗಿಂತ ಅದಕ್ಕೆ ಕೊಟ್ಟ ಅರ್ಥದ ಪಾಲೇ ದೊಡ್ಡದೆಂದು ನನಗೆ ತೋರುತ್ತದೆ. ಒಂದೇ ಸಲಕ್ಕೆ ಶಾಶ್ವತವಾಗಿ ಬಿಟ್ಟವರು ವಿರಳ. ಹಲವು ಸಲ ಬಿಟ್ಟು ಕೊನೆಗೆ ಬಿಟ್ಟಿರುವವರೇ ಹೆಚ್ಚು.

ಇದರಿಂದ ಸಿಕ್ಕುವ ಲಾಭ ಅಳತೆಗೆ ಬಂದಿದೆ. ಬ್ರಿಟಿಷ್ ವೈದ್ಯರನ್ನು ಐವತ್ತು ವರ್ಷ ಪರಿಶೀಲಿಸಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸೇದುತ್ತಲೇ ಹೋದವರಿಗಿಂತ ೬೦ರ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು ೩ ವರ್ಷ, ೫೦ರಲ್ಲಿ ಬಿಟ್ಟವರಿಗೆ ೬, ೪೦ರಲ್ಲಿ ೯, ೩೦ರಲ್ಲಿ ೧೦ ವರ್ಷ ಆಯುಸ್ಸು ಹೆಚ್ಚಿತು. ಒಂಟಿಯಾಗಿ ಹೆಣಗಬೇಕಾದುದೂ ಇಲ್ಲ. ನಿಕೋಟಿನನ್ನು ಹೊಗೆಯಿಲ್ಲದೆ ನಿಧಾನವಾಗಿ ಒದಗಿಸುವ ಅಗಿಯುವ ಅಂಟನ್ನೂ ಚರ್ಮದ ಪಟ್ಟಿಯನ್ನೂ ವೈದ್ಯರ ಸಲಹೆಯಂತೆ ಬಳಸಿದರೆ ಯಶಸ್ಸಿನ ಸಂಭವ ಹೆಚ್ಚುತ್ತದೆ. ಭಾರತ ಸರ್ಕಾರವು ೨೦೧೬ರಲ್ಲಿ ಇದಕ್ಕೆಂದೇ ಶುಲ್ಕವಿಲ್ಲದ ದೂರವಾಣಿ ಸೇವೆಯನ್ನು ಆರಂಭಿಸಿತು. ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಅದರಲ್ಲಿ ಸೇರಿ, ಕನ್ನಡದಲ್ಲಿಯೂ ಸಲಹೆ ದೊರೆಯುವಂತಾಯಿತು.