ಗುರುಗಳಿಲ್ಲದೆ ಏಳು ತಲೆಮಾರು

ಗುರುಗಳಿಲ್ಲ, ಬಲಿಪೂಜೆಯಿಲ್ಲ, ಚರ್ಚಿನ ಗಂಟೆಯೂ ಇಲ್ಲ. ಹೀಗಾದರೆ ವಿಶ್ವಾಸ ಎಷ್ಟು ಕಾಲ ಉಳಿದೀತು? ಜಪಾನಿನ ಧರ್ಮಸಭೆಯ ಚರಿತ್ರೆ ಈ ಪ್ರಶ್ನೆಗೆ ಕೊಡುವ ಉತ್ತರವನ್ನು ನಮ್ಮ ಕುಟುಂಬಗಳು ಒಮ್ಮೆ ಕೇಳಬೇಕು.

ಗೋವೆಯಲ್ಲಿ ಯಾರ ಪವಿತ್ರ ಶರೀರದ ದರ್ಶನಕ್ಕೆ ನಾವು ಹೋಗುತ್ತೇವೆಯೋ, ಆ ಸಂತ ಫ್ರಾನ್ಸಿಸ್ ಕ್ಸೇವಿಯರ್ 1549ರ ಆಗಸ್ಟ್ 15ರಂದು ಜಪಾನಿನ ಕಾಗೊಶಿಮಾದಲ್ಲಿ ಇಳಿದರು. ಅವರು ಬಿತ್ತಿದ ಬೀಜ ಬೇಗ ಫಲಿಸಿತು. ಹಿಂಸೆಯೂ ಬೇಗ ಬಂತು. 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ಒಬ್ಬರು ಮಹಾರಾಷ್ಟ್ರದ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ. 1614ರಲ್ಲಿ ದೇಶದಾದ್ಯಂತ ಕ್ರೈಸ್ತಧರ್ಮಕ್ಕೆ ನಿಷೇಧ ಬಿತ್ತು. 1644ರಲ್ಲಿ ಉಳಿದಿದ್ದ ಕೊನೆಯ ಗುರುಗಳಾದ ಮಾನ್ಸಿಯೊ ಕೊನಿಶಿಯವರೂ ರಕ್ತಸಾಕ್ಷಿಗಳಾದರು.

ಆಮೇಲೆ ಉಳಿದದ್ದು ಮನೆಗಳು ಮಾತ್ರ. ನಾಗಸಾಕಿ ಸೀಮೆಯ ರೈತರು, ಮೀನುಗಾರರು ಗುಟ್ಟಾಗಿ ಕೆಲಸ ಹಂಚಿಕೊಂಡರು. ಹಬ್ಬ ಉಪವಾಸಗಳ ಲೆಕ್ಕ ಇಡಲು ಒಬ್ಬರು, ಶಿಶುಗಳಿಗೆ ದೀಕ್ಷಾಸ್ನಾನ ಕೊಡಲು ಒಬ್ಬರು, ಮನೆಮನೆಗೆ ಸುದ್ದಿ ಮುಟ್ಟಿಸಲು ಒಬ್ಬರು. ಪ್ರಾರ್ಥನೆಗಳು ತಾಯಿಯ ಬಾಯಿಂದ ಮಕ್ಕಳ ಬಾಯಿಗೆ ಬಂದವು. ಏಳು ತಲೆಮಾರು ಕಳೆದ ಮೇಲೆ ಗುರುಗಳು ಮತ್ತೆ ಬರುತ್ತಾರೆಂದು ಬಾಸ್ತಿಯಾನ್ ಎಂಬ ಉಪದೇಶಿ ಹೇಳಿದ್ದನೆಂಬ ನಂಬಿಕೆ ಅವರಲ್ಲಿತ್ತು.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ತಾವು ಕ್ರೈಸ್ತರಲ್ಲವೆಂದು ತೋರಿಸಲು ಅವರು ಯೇಸುವಿನ ಅಥವಾ ಮರಿಯಮ್ಮನವರ ಚಿತ್ರವನ್ನು ಅಧಿಕಾರಿಗಳ ಎದುರು ವರ್ಷ ವರ್ಷವೂ ಕಾಲಿನಿಂದ ಮೆಟ್ಟಬೇಕಿತ್ತು. ನಿರಾಕರಿಸಿ ಪ್ರಾಣಕೊಟ್ಟವರು ಅನೇಕರು. ಮೆಟ್ಟಿದವರೂ ಅನೇಕರು. ಇವರು ಮನೆಗೆ ಬಂದು, ಪಾಪನಿವೇದನೆ ಕೇಳಲು ಗುರುಗಳಿಲ್ಲದ ಕಾರಣ, ಕಣ್ಣೀರಿನಿಂದ ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಇವರನ್ನು ವಿಶ್ವಾಸದ್ರೋಹಿಗಳು ಎನ್ನೋಣವೇ? ಪ್ರಭುವನ್ನು ಮೂರು ಬಾರಿ ಅಲ್ಲಗಳೆದು ಅತ್ತ ಪೇತ್ರರನ್ನು ನೆನೆದರೆ, ಆ ತೀರ್ಪು ಕೊಡಲು ನಮಗೆ ನಾಲಿಗೆ ಏಳದು.

1865ರಲ್ಲಿ ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಗುರುಗಳು ನಾಗಸಾಕಿಯ ಓಉರಾದಲ್ಲಿ, ವಿದೇಶೀಯರಿಗೆಂದು, ಒಂದು ಚರ್ಚು ಕಟ್ಟಿದರು. ನಮ್ಮ ಮೈಸೂರು ಸೀಮೆಯಲ್ಲಿ ದುಡಿದದ್ದೂ ಇದೇ ಸಂಸ್ಥೆಯವರು. ಮಾರ್ಚ್ 17ರಂದು ಸಮೀಪದ ಉರಾಕಾಮಿ ಹಳ್ಳಿಯ ಕೆಲವರು ಅಲ್ಲಿಗೆ ಬಂದರು. ಪ್ರಾರ್ಥಿಸುತ್ತಿದ್ದ ಫಾದರ್ ಪೆತಿಜಾನ್‌ರ ಬಳಿ ಒಬ್ಬ ಮಹಿಳೆ ಬಂದು, ತಮ್ಮೆಲ್ಲರ ಹೃದಯವೂ ಅವರ ಹೃದಯದಂತೆಯೇ ಎಂದು ಮೆಲ್ಲನೆ ಹೇಳಿದಳು. ಮರಿಯಮ್ಮನವರ ಪ್ರತಿಮೆ ಎಲ್ಲಿ ಎಂದು ಕೇಳಿದಳು. ತಾವು ದುಃಖದ ಕಾಲದ 17ನೇ ದಿನದಲ್ಲಿದ್ದೇವೆ ಎಂದೂ ಅವರು ತಿಳಿಸಿದರು. ಆ ವರ್ಷದ ವಿಭೂತಿ ಬುಧವಾರ ಮಾರ್ಚ್ 1. ಇನ್ನೂರಕ್ಕೂ ಹೆಚ್ಚು ವರ್ಷಗಳ ನಂತರವೂ ತಪಸ್ಸುಕಾಲದ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ!

ಗುಟ್ಟು ಬಯಲಾದದ್ದಕ್ಕೆ ಬೆಲೆ ತೆರಬೇಕಾಯಿತು. 1868ರಿಂದ ಉರಾಕಾಮಿಯ 3,000ಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಲಾಯಿತು. 600ಕ್ಕೂ ಹೆಚ್ಚು ಮಂದಿ ತೀರಿಕೊಂಡರು. 1873ರಲ್ಲಿ ನಿಷೇಧ ತೆರವಾಗಿ ಉಳಿದವರು ಊರಿಗೆ ಮರಳಿದರು. ಹಿಂದೆ ಪವಿತ್ರ ಚಿತ್ರವನ್ನು ಮೆಟ್ಟಿಸುತ್ತಿದ್ದ ಗ್ರಾಮಾಧಿಕಾರಿಯ ಮನೆಯ ಜಾಗವನ್ನೇ ಕೊಂಡು ಅಲ್ಲಿ ಚರ್ಚು ಕಟ್ಟಿದರು. 1945ರ ಆಗಸ್ಟ್ 9ರ ಅಣುಬಾಂಬಿಗೆ ಅದು ಉರುಳಿತು. 1959ರಲ್ಲಿ ಮತ್ತೆ ಎದ್ದಿತು.

ಪ್ರಿಯ ಓದುಗರೇ, ನಮ್ಮ ಗಡಿನಾಡಿನಲ್ಲಿ ಶಾಲೆಯ ಭಾಷೆ ಬೇರೆ, ಕಚೇರಿಯ ಭಾಷೆ ಬೇರೆ. ಅಜ್ಜಿ ಕಲಿಸಿದ ಕನ್ನಡದ ಪ್ರಾರ್ಥನೆಗೆ ಮನೆಯೊಂದೇ ನೆಲೆ. ನಮಗೆ ಗುರುಗಳಿದ್ದಾರೆ, ಬಲಿಪೂಜೆಯಿದೆ, ಹೆದರಿಸುವವರಿಲ್ಲ. ಆದರೂ ಸಂಜೆಯ ಜಪಸರ ಟಿ.ವಿ., ಮೊಬೈಲುಗಳ ಮುಂದೆ ಸೋಲುತ್ತಿದೆ. ಒಂದು ವರ್ಷ ನಮ್ಮ ಚರ್ಚಿನ ಗಂಟೆ ಮೌನವಾದರೆ, ನಮ್ಮ ಮಕ್ಕಳ ಬಾಯಲ್ಲಿ ಎಷ್ಟು ಪ್ರಾರ್ಥನೆಗಳು ಉಳಿದಾವು? ಇಂದು ಊಟಕ್ಕೆ ಮುಂಚೆ ಅವರನ್ನೇ ಕೇಳಿ ನೋಡೋಣ.