ಬೀಸುವ ಕಲ್ಲಿನಿಂದ ರಾಗಿ ಮಿಷನ್‌ವರೆಗೆ



ಗುಬ್ಬಿ, ಕುಣಿಗಲ್ ಕಡೆಯ ಊರುಗಳಲ್ಲಿ "ಮಿಷನ್ನಿಗೆ ಹೋಗಿ ಬರ್ತೀನಿ" ಅಂದರೆ ಹಿಟ್ಟಿನ ಗಿರಣಿಗೆ ಎಂದೇ ಅರ್ಥ. ತಲೆಯ ಮೇಲೆ ರಾಗಿ ಡಬ್ಬ, ಕೈಯಲ್ಲಿ ಚಿಲ್ಲರೆ ಕಾಸು. ಪ್ಯಾಕೆಟ್ ಹಿಟ್ಟು ಅಂಗಡಿಗೆ ಬಂದ ಮೇಲೆ ಕೆಲವು ಊರುಗಳಲ್ಲಿ ಈ ಮಿಷನ್ನಿನ ಸದ್ದು ನಿಂತಿದೆ. ಅದು ನಿಂತರೆ ನಮಗೇನು ನಷ್ಟ? ಇದನ್ನು ತಿಳಿಯಲು ಅದು ಬರುವುದಕ್ಕೆ ಮುಂಚೆ ಏನಿತ್ತು ಎಂಬುದನ್ನು ನೋಡೋಣ.

ಕಲ್ಲಿನ ಕಾಲ

"ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ" ಎಂಬ ಗಾದೆ ನಮಗೆಲ್ಲ ಗೊತ್ತು. ಆ ಹಿಟ್ಟು ಬೀಸಿದವಳು ಯಾರು ಎಂದು ಗಾದೆ ಹೇಳುವುದಿಲ್ಲ! ಕೋಳಿ ಕೂಗುವ ಹೊತ್ತಿಗೆ ಎದ್ದು, ಕೆಳಗಿನ ಕಲ್ಲಿನ ಮೇಲೆ ಮೇಲಿನ ಕಲ್ಲನ್ನು ಗೂಟ ಹಿಡಿದು ತಿರುಗಿಸುತ್ತಿದ್ದವರು ಹೆಂಗಸರೇ. ಒಬ್ಬಳಿಂದ ಆಗದಿದ್ದರೆ ಅತ್ತೆ ಸೊಸೆ, ನೆರೆಮನೆಯ ಅಕ್ಕ ಎದುರುಬದುರು ಕೂರುತ್ತಿದ್ದರು. ಬೀಸುವ ಪದಗಳು ಹುಟ್ಟಿದ್ದು ಅಲ್ಲೇ. ತವರಿನ ನೆನಪು, ಗಂಡನ ಮನೆಯ ಕಷ್ಟ, ದೇವರ ಸ್ಮರಣೆ ಎಲ್ಲವೂ ಕಲ್ಲಿನ ಮುಂದೆ ಹಾಡಾಗಿ ಬಂದವು. ಹಾಡು ಚೆಂದ ನಿಜ. ಆದರೆ ದಿನಾ ಬೀಸಿದ ರಟ್ಟೆ, ಸೊಂಟದ ನೋವನ್ನು ನಾವು ಮರೆಯಬಾರದು. ಬಸುರಿ, ಬಾಣಂತಿ ಎನ್ನದೆ ದುಡಿದವರಿದ್ದಾರೆ.

ಎಂಜಿನ್ ಬಂತು, ಕರೆಂಟು ಬಂತು

ನಮ್ಮ ರಾಜ್ಯದ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಾಯಿತು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಹಳ್ಳಿಯ ಹೆಂಗಸಿನ ರಟ್ಟೆಗೆ ಬಿಡುವು ಕೊಡಲು ಕರೆಂಟು ಬರುವುದಕ್ಕೆ ಇನ್ನೂ ದಶಕಗಳೇ ಬೇಕಾದವು. ಅದಕ್ಕೂ ಮುಂಚೆ ದೊಡ್ಡ ಊರುಗಳಿಗೆ ಡೀಸೆಲ್ ಎಂಜಿನ್ ಗಿರಣಿಗಳು ಬಂದವು. "ಕುಕ್ ಕುಕ್" ಸದ್ದು ಕೇಳಿದರೆ ಸುತ್ತಲ ಹಳ್ಳಿಯವರು ಮೂಟೆ ಎತ್ತುತ್ತಿದ್ದರು. 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಆದ ಮೇಲೆ ಕಂಬಗಳು ಹಳ್ಳಿ ಹಳ್ಳಿಗೆ ಬಂದವು, ಮೋಟರ್ ಗಿರಣಿಗಳೂ ಬಂದವು.

ಇದೇ ಹೊತ್ತಿಗೆ ರಾಗಿಯೂ ಹೆಚ್ಚು ಬೆಳೆಯತೊಡಗಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಯನ್ನು ಕೂಡಿಸಿ "ಇಂಡಾಫ್" ತಳಿಗಳನ್ನು ಕೊಟ್ಟರು. ಗಂಟೆಗಟ್ಟಲೆ ಬೀಸುವ ಕೆಲಸ ನಿಮಿಷಗಳಿಗೆ ಇಳಿಯಿತು. ಹೆಣ್ಣುಮಗುವಿಗೆ ಶಾಲೆಗೆ ಹೋಗಲು, ತಾಯಿಗೆ ಕೂಲಿಗೆ ಹೋಗಲು, ಸಂಜೆ ಸಂಘದ ಸಭೆಯಲ್ಲಿ ಕೂರಲು ಸಮಯ ಸಿಕ್ಕಿದ್ದರಲ್ಲಿ ಈ ಮಿಷನ್ನಿನ ಪಾಲೂ ಇದೆ.

ಸರದಿಯಲ್ಲಿ ಎಲ್ಲರೂ ಸಮಾನರು

ಗಿರಣಿ ಎಂದರೆ ಬರೀ ಹಿಟ್ಟಲ್ಲ. ಡಬ್ಬಗಳನ್ನು ಸಾಲಾಗಿ ಇಟ್ಟು ಕಾಯುವಾಗ ಹೆಂಗಸರು ಕಷ್ಟಸುಖ ಮಾತಾಡುವ ಜಾಗ ಅದು. ಆದರೆ ನಮ್ಮ ದೇಶದ ಕೆಲವು ಹಳ್ಳಿಗಳಲ್ಲಿ ದಲಿತರ ಡಬ್ಬವನ್ನು ಕೊನೆಗೆ ಹಾಕುವುದು, ಮುಟ್ಟದೆ ದೂರ ನಿಲ್ಲಿಸುವುದು ನಡೆದಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ಯಾರ ರಾಗಿಯಾದರೂ ಕಲ್ಲಿಗೆ ಒಂದೇ. ಮೊದಲು ಬಂದವರಿಗೆ ಮೊದಲ ಸರದಿ. ನಮ್ಮ ಊರಲ್ಲಿ ಹೀಗೇ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವುದು ಸಂಘದ ಕರ್ತವ್ಯ.

ಹಿಟ್ಟು ಹಾಕಿಸುವಾಗ ಗಮನಿಸಿ

1. ರಾಗಿ ಕಾಳು ವರ್ಷಗಟ್ಟಲೆ ಕೆಡದು, ಹಿಟ್ಟು ಬೇಗ ಮುಗ್ಗಲಾಗುತ್ತದೆ. ಹದಿನೈದು ದಿನಕ್ಕಾಗುವಷ್ಟೇ ಹಾಕಿಸಿ.
2. ಮಿಷನ್ನಿನಿಂದ ಬಂದ ಹಿಟ್ಟು ಬಿಸಿ ಇರುತ್ತದೆ. ಆರಿದ ಮೇಲೆ ಡಬ್ಬ ಮುಚ್ಚಿ.
3. ಕಲ್ಲಿಗೆ ಹೊಸದಾಗಿ ಉಳಿ ಹೊಡೆಸಿದ ದಿನ ಮೊದಲು ಹಾಳು ಕಾಳು ಹಾಕಿ ತಿರುಗಿಸಲು ಹೇಳಿ. ಇಲ್ಲದಿದ್ದರೆ ಕಲ್ಲಿನ ಪುಡಿ ಮುದ್ದೆಗೆ ಬರುತ್ತದೆ.
4. ತೀರಾ ನಯವಾಗಿ ಜರಡಿ ಹಿಡಿಯಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ, ಅದರಲ್ಲಿ ಒಳ್ಳೆಯ ಪಾಲು ಸಿಪ್ಪೆಯಲ್ಲಿರುತ್ತದೆ.
5. ಓಡುವ ಬೆಲ್ಟಿನ ಹತ್ತಿರ ಸೆರಗು, ಜಡೆ, ಮಕ್ಕಳು ಹೋಗದಿರಲಿ. ಬೆಲ್ಟಿಗೆ ಜಾಲರಿ ಹಾಕಿಸಲು ಮಾಲೀಕರಿಗೆ ಒತ್ತಾಯ ಮಾಡಿ.

ಸಂಘವೇ ಮಿಷನ್ ನಡೆಸಬಹುದೇ?

ನಡೆಸಬಹುದು. ಆದರೆ ಮೊದಲು ಲೆಕ್ಕ ಹಾಕಿ. ಒಂದು ಮನೆಗೆ ತಿಂಗಳಿಗೆ 20 ಕೆ.ಜಿ. ಎಂದು ಇಟ್ಟುಕೊಳ್ಳೋಣ. 15 ಸದಸ್ಯೆಯರ ಸಂಘಕ್ಕೆ 300 ಕೆ.ಜಿ. ಆಯಿತು. ಕೆ.ಜಿ.ಗೆ 5 ರೂಪಾಯಿಯಂತೆ 1,500 ರೂಪಾಯಿ. ಇಷ್ಟರಲ್ಲಿ ಕರೆಂಟು ಬಿಲ್ಲೂ ಬ್ಯಾಂಕಿನ ಕಂತೂ ಹೊರಡುವುದು ಕಷ್ಟ. ಹತ್ತು ಸಂಘಗಳ ಒಕ್ಕೂಟವಾದರೆ 3,000 ಕೆ.ಜಿ., ಅಂದರೆ 15,000 ರೂಪಾಯಿ. ಆಗ ದಾರಿ ಇದೆ. ಮೇಲಿಂದ ಮೆಣಸಿನಪುಡಿ, ಮೊಳಕೆ ರಾಗಿ ಹಿಟ್ಟು ಮಾಡಿ ತುಮಕೂರಿನಲ್ಲಿ ಮಾರಿದರೆ ಆದಾಯ ಇನ್ನೂ ಹೆಚ್ಚುತ್ತದೆ. ಪ್ಯಾಕೆಟ್ ಮಾಡಿ ಮಾರಲು ಆಹಾರ ಸುರಕ್ಷತಾ ನೋಂದಣಿ ಬೇಕು. ಮೆಣಸಿನಕಾಯಿಗೂ ರಾಗಿಗೂ ಬೇರೆ ಬೇರೆ ಮಿಷನ್ ಇರಲಿ. ಗೃಹಜ್ಯೋತಿ ಮನೆ ಮೀಟರಿಗೆ ಮಾತ್ರ, ಗಿರಣಿಗೆ ಬೇರೆ ಸಂಪರ್ಕ ಪಡೆಯಬೇಕು.

ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಇಂಥ ಘಟಕಗಳಿಗೆ ಶೇ. 35 ಸಹಾಯಧನ ಇಟ್ಟಿದ್ದರು, ಕರ್ನಾಟಕ ಇನ್ನೂ ಶೇ. 15 ಸೇರಿಸಿತ್ತು. ಈಗ ಯಾವ ಯೋಜನೆಗೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ ಎಂದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಸಹಾಯಧನ ನಂಬಿ ಸಾಲ ಮಾಡಬೇಡಿ, ಲೆಕ್ಕ ನಂಬಿ ಮಾಡಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

* ನಮ್ಮ ಊರಿಗೆ ಮೊದಲ ಮಿಷನ್ ಯಾವಾಗ ಬಂತು? ಹಿರಿಯ ಅಜ್ಜಿಯರನ್ನು ಕರೆಸಿ ಕೇಳಿ, ಅವರಿಗೆ ಬರುವ ಬೀಸುವ ಪದಗಳನ್ನು ಪುಸ್ತಕದಲ್ಲಿ ಬರೆದಿಡಿ.
* ಈಗ ಹಿಟ್ಟಿಗೆ ಎಷ್ಟು ದೂರ ಹೋಗುತ್ತಿದ್ದೇವೆ, ತಿಂಗಳಿಗೆ ಎಷ್ಟು ಖರ್ಚಾಗುತ್ತಿದೆ?
* ಮಿಷನ್ ಮುಚ್ಚುವ ಸ್ಥಿತಿ ಇದ್ದರೆ ಮಾಲೀಕರೊಂದಿಗೆ ಕೂತು ಮಾತಾಡಿದ್ದೇವೆಯೇ?

ಕಲ್ಲು ತಿರುಗಿಸಿ ಮನೆ ನಡೆಸಿದವರು ಹೆಣ್ಣುಮಕ್ಕಳು. ಮಿಷನ್ ತಿರುಗಿಸಿ ಸಂಘ ನಡೆಸುವುದೂ ನಮ್ಮಿಂದ ಆಗದ ಕೆಲಸವಲ್ಲ.